ಜಾಗ ಬಿಟ್ಟುಕೊಟ್ಟವನ ಪಾಠ

ರಣರಂಗದ ಆಸ್ಪತ್ರೆ
21 ಏಪ್ರಿಲ್ 1957

ಮಾನ್ಯ ತಾಯಿಯವರಿಗೆ,

ನಮಸ್ಕಾರ. ಇಲಾಖೆಯ ತಂತಿ ನಿಮಗೆ ಈಗಾಗಲೇ ಮುಟ್ಟಿರುತ್ತದೆ. ತಂತಿಯಲ್ಲಿ ಏನೂ ಹೇಳಿರುವುದಿಲ್ಲವಾದ್ದರಿಂದ ಈ ಕಾಗದ.

ನಾನು ಇಲ್ಲಿನ ವೈದ್ಯೆ. ಗುಡ್ಡದ ಮೇಲೆ ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ಕೆಳಗೆ ತರುವವಳೂ ನಾನೇ. ಹದಿನೆಂಟನೆಯ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಮಗನಿದ್ದ ಠಾಣೆಯಲ್ಲಿ ಇಳಿದೆ. ಮೂವರು ಗಾಯಾಳುಗಳಿದ್ದರು. ನನ್ನ ಯಂತ್ರದಲ್ಲಿ ಎರಡೇ ಸ್ಟ್ರೆಚರ್. ನಿಮ್ಮ ಮಗನಿಗೆ ತೊಡೆಗೆ ಗುಂಡು ತಗುಲಿತ್ತು. ಉಳಿದಿಬ್ಬರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ನಿಮ್ಮ ಮಗ ತಲೆ ಎತ್ತಿ, "ಅವರಿಬ್ಬರನ್ನ ಮೊದಲು ಕರ್ಕೊಂಡು ಹೋಗಿ ಡಾಕ್ಟ್ರೇ, ನಾನು ಕಾಯ್ತೀನಿ" ಎಂದರು. ನಾನು ಮರಳಿ ಹೋಗುವಷ್ಟರಲ್ಲಿ ತೀರಿಕೊಂಡಿದ್ದರು. ನೋವು ಹೆಚ್ಚಿರಲಿಲ್ಲ. ಅವರು ಬಿಟ್ಟುಕೊಟ್ಟ ಜಾಗದಲ್ಲಿ ಬಂದ ಇಬ್ಬರೂ ಬದುಕಿದ್ದಾರೆ.

ಇಂಥ ಮಗನನ್ನು ಹೆತ್ತವರಿಗೆ ಸಮಾಧಾನ ಹೇಳುವಷ್ಟು ದೊಡ್ಡವಳು ನಾನಲ್ಲ.

ಇತಿ,
ವೈದ್ಯಾಧಿಕಾರಿ

---

ಶಾಲೆಯ ಹಿಂದಿನ ಮನೆ
9 ಮೇ 1957

ಡಾಕ್ಟರಮ್ಮನವರಿಗೆ,

ನಮಸ್ಕಾರಗಳು. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಮನ್ನಿಸಿ. ನಿಮ್ಮ ಕಾಗದವನ್ನು ಓದಿ ಓದಿ ಮಡಿಕೆಯಲ್ಲಿ ಹರಿಯಿತು. ಮಗಳು ಹಿಂದೆ ತೆಳ್ಳನೆಯ ಕಾಗದ ಅಂಟಿಸಿ ಕೊಟ್ಟಿದ್ದಾಳೆ. ಸಾವಿರ ಕೆಲಸದ ನಡುವೆ ಕೂತು ನನಗೆ ಬರೆದಿರಿ. ಆ ಉಪಕಾರ ಮರೆಯುವವಳಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಮಕ್ಕಳ ಕೈಬರಹ ನೋಡಿಯೇ ಇದು ಯಾರದ್ದು ಎಂದು ಹೇಳಬಲ್ಲೆ. ಆದರೆ ನಿಮ್ಮ ಕಾಗದದಲ್ಲಿರುವ ಹುಡುಗನ ಗುರುತು ನನಗೆ ಹತ್ತುತ್ತಿಲ್ಲ.

ನಮ್ಮವನು ಆರಡಿ ಎತ್ತರ, ತೊಂಬತ್ತು ಕಿಲೋದ ಮೇಲೆ ತೂಕ. ಮನೆಯಲ್ಲಿ ಹೆಸರು ಪುಟ್ಟ. ದಂಡಿನಲ್ಲಿ ತನ್ನನ್ನು ಮೂಟೆ ಎನ್ನುತ್ತಾರೆಂದು ತಾನೇ ನಗುತ್ತ ಬರೆದಿದ್ದ. ಒಳ್ಳೆಯವನೇ. ಆದರೆ ತನ್ನ ಪಾಲಿನದು ಬಿಟ್ಟುಕೊಟ್ಟವನಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗವನ್ನು ಹುಟ್ಟಿದಾರಭ್ಯ ಒಂದು ದಿನವೂ ತಂಗಿಗೆ ಬಿಟ್ಟಿಲ್ಲ. "ಪಾಪ ಕಣೋ, ಅವಳು ಚಿಕ್ಕವಳು" ಎಂದರೆ, "ಚಿಕ್ಕವಳಾದ್ರೆ ನನ್ನ ತೊಡೆ ಮೇಲೆ ಕೂರ್ಲಿ, ಜಾಗ ನಂದೇ" ಎನ್ನುವನು. ಅವಳು ಅವನ ತೊಡೆ ಮೇಲೆ ಕೂತೇ ಲೋಕ ನೋಡಿದಳು.

ನಾನು ಅನುಮಾನದಿಂದ ಕೇಳುತ್ತಿಲ್ಲ. ಯುದ್ಧಕ್ಕೆ ಹೋದವರು ಬದಲಾಗುತ್ತಾರಂತೆ. ಹಾಗಾದರೆ ಬದಲಾದ ಆ ಮಗನನ್ನು ನಾನು ನೋಡಿಯೇ ಇಲ್ಲ, ನೀವು ನೋಡಿದ್ದೀರಿ. ಅದಕ್ಕೇ ಕೇಳುತ್ತೇನೆ: ಅವನು ಇನ್ನೇನು ಅಂದ? ದನಿ ಹೇಗಿತ್ತು? ಎಷ್ಟು ಸಣ್ಣದಿದ್ದರೂ ಬರೆಯಿರಿ.

ಅಂಥ ಯಂತ್ರ ಹಾರಿಸುತ್ತೀರೆಂದರೆ ನೀವು ನಮ್ಮ ದೊಡ್ಡಕ್ಕನ ಹಾಗೆ ಗಟ್ಟಿಮುಟ್ಟಾದ ಹೆಂಗಸು ಇರಬೇಕು. ನನ್ನ ಕಣ್ಣಿಗೆ ನೀವು ಹಾಗೇ ಕಾಣುತ್ತೀರಿ. ಅವನ ಪಕ್ಕ ಅಂಥವರೊಬ್ಬರು ಇದ್ದರಲ್ಲ ಎಂದುಕೊಂಡು ಮಲಗುತ್ತೇನೆ.

ಇಂತಿ,
ಪುಟ್ಟನ ತಾಯಿ

---

ರಣರಂಗದ ಆಸ್ಪತ್ರೆ
2 ಜೂನ್ 1957

ಮಾನ್ಯ ತಾಯಿಯವರಿಗೆ,

ನೀವು ಕೇಳಿದ್ದಕ್ಕೆ ನಾನು ಬರೆದದ್ದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ.

ಇಲ್ಲಿಂದ ಹೊರಡುವ ಕಾಗದಗಳನ್ನು ಒಬ್ಬ ಅಧಿಕಾರಿ ಓದಿಯೇ ಕಳಿಸುತ್ತಾರೆ. ನಿಮ್ಮ ಮಗನ ವಿಷಯ ಓದಿ ಅವರ ಮನಸ್ಸು ಕರಗಿತಂತೆ. ನನ್ನ ಕಾಗದವನ್ನು ನಕಲು ಮಾಡಿ ಪ್ರಚಾರ ಇಲಾಖೆಗೆ ಕಳಿಸಿದ್ದಾರೆ. ನಿಮಗೆ ಗೌರವ ತರುವ ಸುದ್ದಿ ಸದ್ಯದಲ್ಲೇ ಬರಬಹುದು.

ನಾನು ಗಟ್ಟಿಮುಟ್ಟಾದ ಹೆಂಗಸಲ್ಲ. ನಲವತ್ತನಾಲ್ಕು ಕಿಲೋ. ಇಲ್ಲಿ ಗುಬ್ಬಿ ಡಾಕ್ಟ್ರು ಎನ್ನುತ್ತಾರೆ. ಆ ತೂಕದ ದೆಸೆಯಿಂದಲೇ ನನ್ನನ್ನು ಹಾರಲು ಬಿಟ್ಟಿದ್ದು. ಚಾಲಕ ಹಗುರಾದಷ್ಟೂ ಗಾಯಾಳುವಿಗೆ ಜಾಗ.

ಮಗಳನ್ನು ಕೇಳಿದೆನೆಂದು ಹೇಳಿ.

ಇತಿ,
ವೈದ್ಯಾಧಿಕಾರಿ

---

ಶಾಲೆಯ ಹಿಂದಿನ ಮನೆ
20 ಜೂನ್ 1958

ವೈದ್ಯಾಧಿಕಾರಿಯವರಿಗೆ,

ಹೋದ ವರ್ಷದ ನಿಮ್ಮ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ದುಡಿದು ದಣಿದವರು, ಪೀಡಿಸಬಾರದೆಂದು ಸುಮ್ಮನಾದೆ. ಈಗ ಬರೆಯದೆ ವಿಧಿಯಿಲ್ಲ.

ಈ ವರ್ಷದ ನಾಲ್ಕನೇ ತರಗತಿಯ ಪುಸ್ತಕದಲ್ಲಿ ಹದಿಮೂರನೆಯ ಪಾಠ ನನ್ನ ಮಗ. "ಜಾಗ ಬಿಟ್ಟುಕೊಟ್ಟವನು" ಎಂದು ಹೆಸರು. ನೀವೂ ಇದ್ದೀರಿ, ಮುಗಿಲಿನಿಂದ ಇಳಿದು ಬಂದ ವೈದ್ಯೆಯಾಗಿ. ನೀವು ನನಗೆ ಬರೆದ ಮಾತು ಅಕ್ಷರವೂ ಬಿಡದೆ ಅಚ್ಚಾಗಿದೆ. ಕೊನೆಯಲ್ಲಿ ಪ್ರಶ್ನೆಗಳು: ಯೋಧನು ಏನೆಂದನು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಪುಸ್ತಕದ ಕಟ್ಟು ಬಿಚ್ಚಿದ ದಿನ ಹೆಡ್‌ಮಾಸ್ತರರು ಓಡಿ ಬಂದರು. "ಅಮ್ಮಾವ್ರೇ, ನಮ್ಮ ಶಾಲೆ ಹೆಸರು ಎಲ್ಲಿಗೋ ಹೋಯ್ತು! ಈ ಪಾಠ ನೀವೇ ಮಾಡ್ಬೇಕು. ಇನ್ಸ್‌ಪೆಕ್ಟರು ಅವತ್ತು ಖುದ್ದಾಗಿ ಬಂದು ಕೂರ್ತಾರಂತೆ. ಒಳ್ಳೇ ಸೀರೆ ಉಟ್ಕೊಂಡು ಬನ್ನಿ."

ಮಕ್ಕಳಿಗೆ ಪಾಠ ಮಾಡುವವರೆಗೂ ತಾಳ್ಮೆಯಿಲ್ಲ. ಬಿಡುವಿನ ವೇಳೆಯಲ್ಲಿ ಎರಡು ಬೆಂಚು ಜೋಡಿಸಿ ಹೆಲಿಕಾಪ್ಟರ್ ಮಾಡಿಕೊಂಡಿದ್ದಾರೆ. ಕಿಟಕಿಯಿಂದ ಕೇಳಿಸಿಕೊಂಡೆ:

"ಲೇ, ನಾನು ಟೀಚರ್ ಮಗ ಆಗ್ತೀನಿ."

"ನಿನ್ನೆನೂ ನೀನೇ ಸತ್ತಿದ್ದು! ಇವತ್ತು ನನ್ನ ಸರದಿ."

"ನಿಂಗೆ ಸರಿಯಾಗಿ ಸಾಯೋಕ್ ಬರಲ್ಲ ಕಣೋ, ನಗ್ತೀಯ."

ಇದು ಒಂದು. ಇನ್ನೊಂದು, ಹೋದ ವಾರ ಒಬ್ಬ ಬಂದಿದ್ದ. ಪುಟ್ಟನ ದಂಡಿನಲ್ಲಿ ಸ್ಟ್ರೆಚರ್ ಹೊರುತ್ತಿದ್ದವನು. ಈಗ ಒಂದು ಕಾಲು ಮಡಚುವುದಿಲ್ಲ. ಬಾಗಿಲ ಹೊರಗೇ ನಿಂತ. ಒಳಗೆ ಬಾಪ್ಪಾ ಎಂದರೆ, "ಮೊದಲು ಹೇಳ್ತೀನಿ ತಾಯಿ, ಆಮೇಲೆ ಕರೆಯೋದಾದ್ರೆ ಕರೀರಿ" ಎಂದ.

"ಪಾಠ ಓದ್ದೆ. ಮೂಟೆ ಜಾಗ ಬಿಟ್ಕೊಡಲಿಲ್ಲ ತಾಯಿ. 'ನಾನು ಮೊದಲು ಬಂದಿದ್ದು, ನನ್ನ ಬಿಟ್ಟು ಹೋಗ್ಬೇಡಿ' ಅಂತ ಡಾಕ್ಟ್ರಮ್ಮನ ಬೂಟು ಹಿಡ್ಕೊಂಡ. ಆ ಕೈ ಬಿಡಿಸಿದ್ದು ನಾನೇ. ಒಂದು ಗಂಟೇಲಿ ಬರ್ತೀನಿ ಅಂದ್ರು ಆಯಮ್ಮ. ಮೂರು ಗಂಟೆ ಇದ್ದ. ಹಕ್ಕಿ ಹಾರಿದ್ರೂ 'ಬಂತಾ?' ಅಂತಿದ್ದ."

ಅವನನ್ನು ಒಳಗೆ ಕರೆದು ಊಟ ಹಾಕಿದೆ. ಅವನು ಹೋದ ಮೇಲೆ ಅತ್ತೆ. ಅಳುತ್ತಲೇ ಒಂದು ನಿರಾಳ ಬಂತು, ನಿಮಗೆ ವಿಚಿತ್ರವೆನಿಸಬಹುದು. ಬೂಟು ಹಿಡಿದುಕೊಂಡವನು ನನ್ನ ಮಗ. ಒಂದು ವರ್ಷದ ಮೇಲೆ ಗುರುತು ಸಿಕ್ಕಿತು.

ಎರಡೇ ಪ್ರಶ್ನೆ. ಮೂವರಲ್ಲಿ ಅವನನ್ನೇ ಏಕೆ ಬಿಟ್ಟಿರಿ? ಒಂದು ಗಂಟೆ ಮೂರು ಗಂಟೆ ಹೇಗಾಯಿತು?

ಇಂತಿ,
ಪುಟ್ಟನ ತಾಯಿ

---

ಸೇನಾ ವಾಯು ತರಬೇತಿ ಶಾಲೆ
11 ಜುಲೈ 1958

ಅಮ್ಮಾ,

ಈ ಕಾಗದವನ್ನು ಇಲಾಖೆಯ ಅಂಚೆಗೆ ಹಾಕುತ್ತಿಲ್ಲ. ಊರಿಗೆ ಹೊರಟ ನರ್ಸ್ ಒಬ್ಬಳ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಕಣ್ಣಿಗೆ ಮಾತ್ರ.

ಸ್ಟ್ರೆಚರಿನವನು ಹೇಳಿದ್ದು ನಿಜ. ನಿಮ್ಮ ಮಗ ಜಾಗ ಬಿಟ್ಟುಕೊಡಲಿಲ್ಲ. ನಾನು ಕೊಡಲಿಲ್ಲ.

ನನ್ನ ಯಂತ್ರ ಒಂದು ತಕ್ಕಡಿ. ಎಡಕ್ಕೊಂದು ಬಲಕ್ಕೊಂದು ಸ್ಟ್ರೆಚರ್ ಹೊರಗಡೆ ಕಟ್ಟಿರುತ್ತದೆ. ಎರಡೂ ಬದಿ ಹೆಚ್ಚುಕಡಿಮೆ ಸಮ ಇರಬೇಕು. ಮೇಲಕ್ಕೆ ಹೋದಷ್ಟೂ, ಬಿಸಿಲು ಏರಿದಷ್ಟೂ ಗಾಳಿ ತೆಳುವಾಗಿ ಯಂತ್ರದ ಶಕ್ತಿ ಕುಗ್ಗುತ್ತದೆ. ಆ ಗುಡ್ಡದ ಮೇಲೆ ಆ ಮಧ್ಯಾಹ್ನ ನನ್ನನ್ನು ಬಿಟ್ಟು ನೂರ ಇಪ್ಪತ್ತು ಕಿಲೋ ಎತ್ತಬಹುದಿತ್ತು. ಉಳಿದಿಬ್ಬರು ಐವತ್ತೆಂಟು, ಅರವತ್ತು. ನಿಮ್ಮ ಮಗ ತೊಂಬತ್ತನಾಲ್ಕು. ಅವನನ್ನು ಒಯ್ದಿದ್ದರೆ ನನ್ನ ಪಕ್ಕದ ಸೀಟಿನಲ್ಲಿ ಅವನೊಬ್ಬನನ್ನೇ. ಅವನೊಬ್ಬ, ಇಲ್ಲವೇ ಆ ಇಬ್ಬರು. ಒಬ್ಬನಿಗೆ ಎದೆಗೆ, ಇನ್ನೊಬ್ಬನಿಗೆ ತಲೆಗೆ ಪೆಟ್ಟು. ನಿಮ್ಮ ಮಗನ ತೊಡೆಗೆ ನಾನೇ ಪಟ್ಟಿ ಬಿಗಿದೆ. ಅದು ಒಂದೂವರೆ ಗಂಟೆ ತಡೆಯುತ್ತದೆ. ವೈದ್ಯೆಯಾಗಿ ನಾನು ತಪ್ಪು ಮಾಡಲಿಲ್ಲ. ಇವತ್ತು ಮತ್ತೆ ಹಾಗೆ ಬಂದರೂ ಅದೇ ಮಾಡುತ್ತೇನೆ.

ಮರಳುವುದು ತಡವಾಯಿತು. ಎಂಜಿನ್ ಕೈಕೊಟ್ಟಿತು.

ಸುಳ್ಳು ಏಕೆ ಬರೆದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಿಂಗಳಿಗೆ ಮೂವತ್ತು ತಾಯಂದಿರಿಗೆ ಕಾಗದ ಬರೆಯುತ್ತಿದ್ದೆ. ಪ್ರತಿಯೊಬ್ಬರಿಗೂ ಏನಾದರೂ ಒಂದು ಒಳ್ಳೆಯದು ಸೇರಿಸುತ್ತಿದ್ದೆ. ಒಬ್ಬರಿಗೆ ನಿಮ್ಮ ಮಗ ನಗುತ್ತಿದ್ದ ಎಂದು, ಇನ್ನೊಬ್ಬರಿಗೆ ನಿಮ್ಮ ಹೆಸರು ಹೇಳಿದ ಎಂದು. ಯಾರಿಗೆ ನಷ್ಟ? ನಿಮಗೆ ಬರೆದದ್ದು ಅಳತೆ ಮೀರಿ ಒಳ್ಳೆಯದಾಯಿತು. ಅದೇ ನನ್ನ ತಪ್ಪು.

ಈಗ ನನ್ನದೊಂದು ಬೇಡಿಕೆ. ಇಲ್ಲಿ ಆರು ಹುಡುಗಿಯರು ನನ್ನ ಕೈಕೆಳಗೆ ಹಾರಲು ಕಲಿಯುತ್ತಿದ್ದಾರೆ. ಎಲ್ಲರೂ ವೈದ್ಯೆಯರು. ನನ್ನ ನಂತರ ಮೊದಲ ತಂಡ. ಮೆಸ್ಸಿನಲ್ಲಿ ಗಂಡಸರು ನಮಗೆ ಕೇಳಿಸುವಂತೆಯೇ "ಗುಬ್ಬಿ ಮರಿಗಳಿಗೆ ರೆಕ್ಕೆ ಬಂತಾ?" ಎಂದು ಕೇಳುತ್ತಾರೆ. ನಾನು ಗಾಯಾಳುವನ್ನು ಬಿಟ್ಟು ಬಂದೆ, ಆಮೇಲೆ ಸುಳ್ಳು ಬರೆದೆ ಎಂದು ಹೊರಬಿದ್ದರೆ ಈ ಶಾಲೆಗೆ ಬೀಗ ಬೀಳಲು ಒಂದು ವಾರ ಬೇಡ. ಅವರು ತೇರ್ಗಡೆಯಾಗಲು ಇನ್ನು ಒಂಬತ್ತು ತಿಂಗಳು. ಅಲ್ಲಿಯವರೆಗೆ ಈ ಕಾಗದವನ್ನು ಯಾರಿಗೂ ತೋರಿಸಬೇಡಿ. ಹೆಣ್ಣುಮಗಳನ್ನು ಹೆತ್ತವರು ನೀವು, ಅರ್ಥವಾಗುತ್ತದೆ.

ನಿಮ್ಮ,
ಗುಬ್ಬಿ

---

ಶಾಲೆಯ ಹಿಂದಿನ ಮನೆ
2 ಆಗಸ್ಟ್ 1958

ಡಾಕ್ಟರಮ್ಮನವರಿಗೆ,

ನಿಜ ಬರೆದಿರಿ. ತಡವಾದರೂ ಬರೆದಿರಿ. ಆ ತೂಕದ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಸರಿಯಾಗಿದೆ. ಅವನಿಗೆ ತಟ್ಟೆಗೆ ಇನ್ನಷ್ಟು ಬಡಿಸಿದವಳು ನಾನೇ. ಇದರ ಬಗ್ಗೆ ಇನ್ನು ಮಾತು ಬೇಡ.

ಆದರೆ ನಿಮ್ಮ ಕಾಗದ ಬರುವ ಹೊತ್ತಿಗೆ ನಾನು ಮಾಡಬೇಕಾದ್ದನ್ನು ಮಾಡಿಬಿಟ್ಟಿದ್ದೆ. ಜುಲೈ ಎಂಟಕ್ಕೆ ಇನ್ಸ್‌ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಒಳ್ಳೇ ಸೀರೆ ಉಟ್ಟಿದ್ದೆ. ಪುಸ್ತಕ ತೆರೆದು ಹೇಳಿದೆ: "ಮಕ್ಕಳೇ, ಹದಿಮೂರನೇ ಪಾಠ ನಿಜ ಅಲ್ಲ. ನನ್ನ ಮಗನಿಗೆ ಬದುಕೋ ಆಸೆ ಇತ್ತು, ನಿಮಗೆಲ್ಲ ಇರೋ ಹಾಗೆ. ಆಸೆ ಇರೋದು ತಪ್ಪಲ್ಲ. ಹದಿನಾಲ್ಕನೇ ಪಾಠ ತೆಗೀರಿ, ಜೇನುಹುಳು." ಅರ್ಧ ಗಂಟೆ ಜೇನುಹುಳುವಿನ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ.

ಮರುದಿನವೇ ವಿಚಾರಣೆಯ ಆಜ್ಞೆ. ವಿಚಾರಣೆಯ ಅಧಿಕಾರಿ ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವನಿದ್ದಾನು.

"ಅಲ್ಲಮ್ಮ, ಮಗನಿಗೆ ಬಂದ ಕೀರ್ತಿ ತಾಯಿಗೇ ಬೇಡ್ವಾ?"

"ಅವನದಾಗಿದ್ರೆ ಬೇಕಿತ್ತಪ್ಪ. ಅದು ಅವನದ್ದಲ್ಲ."

"ಸರ್ಕಾರದ ಪುಸ್ತಕ ಸುಳ್ಳು ಅಂತೀರಿ. ಸಾಕ್ಷಿ?"

ಸ್ಟ್ರೆಚರಿನವನನ್ನು ಕರೆಸಿದೆ. ಅವನು ಕುಡಿಯುತ್ತಾನೆ, ಅವನ ಮಾತು ನಡೆಯುವುದಿಲ್ಲ ಎಂದು ಬರೆದುಕೊಂಡರು. ಇಪ್ಪತ್ತೈದನೆಯ ತಾರೀಖಿಗೆ ಕೊನೆಯ ವಿಚಾರಣೆ. ಅವತ್ತು ಸಾಕ್ಷಿ ಕೊಡದಿದ್ದರೆ ಕೆಲಸದಿಂದ ವಜಾ.

ಸಾಕ್ಷಿ ನನ್ನ ಪೆಟ್ಟಿಗೆಯಲ್ಲಿದೆ. ನೀವು ಬರೆದದ್ದು, ನಿಮ್ಮ ಕೈಬರಹ. ತೋರಿಸಿದರೆ ಕೆಲಸವೂ ಉಳಿಯುತ್ತದೆ, ಆ ಪಾಠವೂ ಹೋಗುತ್ತದೆ. ಆದರೆ ನಂಬಿ ಬರೆದಿದ್ದೀರಿ. ನಿಮ್ಮ ಒಪ್ಪಿಗೆಯಿಲ್ಲದೆ ತೋರಿಸುವುದಿಲ್ಲ. ನಿಮ್ಮ ಆರು ಹುಡುಗಿಯರ ಕಷ್ಟ ನನಗೂ ಗೊತ್ತು. ನನ್ನ ತರಗತಿಯಲ್ಲಿ ನಲವತ್ತೊಂದು ಮಕ್ಕಳು ಬೆಂಚಿನ ಮೇಲೆ ಸಾಯಲು ಪೈಪೋಟಿ ನಡೆಸುತ್ತಿರುವುದು ನಿಮಗೆ ಗೊತ್ತಾಗಲಿ.

ಉದ್ದ ಬರೆಯಬೇಡಿ. "ತೋರಿಸಿ" ಎಂದು ಒಂದು ಮಾತು. ತಂತಿಯಾದರೂ ಸಾಕು. ಇಪ್ಪತ್ತೈದರ ಒಳಗೆ.

ಇಂತಿ,
ಪುಟ್ಟನ ತಾಯಿ

---

ಸೇನಾ ವಾಯು ತರಬೇತಿ ಶಾಲೆ
29 ಆಗಸ್ಟ್ 1958

ಮಾನ್ಯ ತಾಯಿಯವರಿಗೆ,

ಪ್ರವಾಸದಲ್ಲಿದ್ದೆ. ನಿಮ್ಮ ಕಾಗದ ಇವತ್ತಷ್ಟೇ ಕೈಸೇರಿತು. ವಿಚಾರಣೆ ಮುಗಿದಿರಬೇಕು. ಇಪ್ಪತ್ತೆರಡು ವರ್ಷ ಪಾಠ ಮಾಡಿದ, ಮಗನನ್ನು ಕಳೆದುಕೊಂಡ ತಾಯಿಯನ್ನು ಯಾರೂ ಕೆಲಸದಿಂದ ತೆಗೆಯಲಾರರು ಎಂಬ ನಂಬಿಕೆ ನನಗಿದೆ. ಎಲ್ಲ ಒಳ್ಳೆಯದೇ ಆಗಿರುತ್ತದೆ.

ಆ ಕಾಗದದ ಬಗ್ಗೆ ನಾನು ಕೇಳಿಕೊಂಡಿದ್ದನ್ನು ದಯವಿಟ್ಟು ನೆನಪಿಡಿ.

ಇತಿ,
ವೈದ್ಯಾಧಿಕಾರಿ

---

ಬಾಡಿಗೆ ಮನೆ, ಮೂರನೇ ಮಹಡಿ
5 ಮಾರ್ಚ್ 1970

ಅಮ್ಮಾ,

ಹನ್ನೊಂದು ವರ್ಷವಾಯಿತು. ನೀವು ಈಗ ನಿವೃತ್ತರಾಗಿರಬೇಕು. ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ, ಯಾರಾದರೂ ತಲುಪಿಸುತ್ತಾರೆ.

ನಾನು ಕೆಲಸ ಬಿಟ್ಟೆ. ಬಿಟ್ಟೆ ಎಂದರೆ ಬಿಡಿಸಿದರು. ನನ್ನ ಆರು ಹುಡುಗಿಯರು ತೇರ್ಗಡೆಯಾದರು. ಅವರ ನಂತರ ಇನ್ನೊಂದು ತಂಡ ಬರಲೇ ಇಲ್ಲ. ಹತ್ತು ಜನರನ್ನು ಒಟ್ಟಿಗೆ ಎತ್ತುವ ದೊಡ್ಡ ಯಂತ್ರಗಳು ಬಂದವು. ಅವಕ್ಕೆ ಚಾಲಕ ನಲವತ್ತನಾಲ್ಕು ಕಿಲೋ ಇದ್ದರೇನು, ನೂರು ಕಿಲೋ ಇದ್ದರೇನು? ಹೊಸ ಕರ್ನಲ್ ನನ್ನನ್ನು ಕರೆದು, "ಡಾಕ್ಟ್ರೇ, ನಿಮ್ಮನ್ನ ತಗೊಂಡಿದ್ದು ತೂಕಕ್ಕೆ ಅಲ್ವಾ? ಈಗ ಆ ತೊಂದರೆ ಇಲ್ಲ" ಎಂದ. ನಕ್ಕ ಕೂಡ. ಆರು ಜನರನ್ನೂ ವಾರ್ಡುಗಳಿಗೆ ಕಳಿಸಿದರು. ಒಬ್ಬಳು ಈಗ ಶಾಲೆಗಳಿಗೆ ಹೋಗಿ ಚುಚ್ಚುಮದ್ದು ಹಾಕುತ್ತಾಳೆ. ಗುಡ್ಡಗಳ ನಡುವೆ ಅವಳ ಹಾಗೆ ಯಂತ್ರ ಇಳಿಸುವವರನ್ನು ನಾನು ಕಂಡಿಲ್ಲ.

ಯಾವುದನ್ನು ಕಾಯಲು ಬಾಯಿ ಮುಚ್ಚಿಕೊಂಡೆನೋ ಅದೇ ಹೋಯಿತು. ಅದಕ್ಕೆ ಈಗ ಬಾಯಿ ತೆರೆಯುತ್ತಿದ್ದೀರಾ ಎಂದು ನೀವು ಕೇಳುತ್ತೀರಿ. ಹೌದು, ಅದಕ್ಕೇ.

ನಾನು ಪ್ರವಾಸದಲ್ಲಿರಲಿಲ್ಲ. ನಿಮ್ಮ ಕಾಗದ ಆಗಸ್ಟ್ ಆರಕ್ಕೇ ಬಂತು. ಇಪ್ಪತ್ತಮೂರು ದಿನ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ದಿನಾ ತೆಗೆದು ಓದುತ್ತಿದ್ದೆ. ಎರಡು ಸಲ ತಂತಿ ಕಚೇರಿಯ ಸಾಲಿನಲ್ಲಿ ನಿಂತು ವಾಪಸು ಬಂದೆ.

ಎಂಜಿನ್ ಕೈಕೊಡಲಿಲ್ಲ.

ಇಬ್ಬರನ್ನು ಇಳಿಸಿದಾಗ ಹನ್ನೆರಡೂವರೆ. ಇಂಧನ ತುಂಬಿಸಿ ಹೊರಟಿದ್ದರೆ ಒಂದು ಗಂಟೆಗೆ ನಿಮ್ಮ ಮಗನ ಹತ್ತಿರ ಇರುತ್ತಿದ್ದೆ. ಅವತ್ತು ಮಂತ್ರಿಗಳು ಬಂದಿದ್ದರು, ಪತ್ರಿಕೆಯವರನ್ನು ಕರೆದುಕೊಂಡು. ಹಾರುವ ವೈದ್ಯೆಯ ಚಿತ್ರ ತೆಗೆಯಬೇಕಿತ್ತು. ಕರ್ನಲ್ ಓಡಿ ಬಂದರು. "ಮೇಲೆ ಇನ್ನೊಬ್ಬ ಇದಾನೆ ಸಾರ್" ಎಂದೆ. "ಅರ್ಧ ಗಂಟೆ ಡಾಕ್ಟ್ರೇ. ಈ ಒಂದು ಫೋಟೋ ಪೇಪರಲ್ಲಿ ಬಂದ್ರೆ ಹೆಣ್ಣುಮಕ್ಕಳ ಟ್ರೇನಿಂಗಿಗೆ ಅವರೇ ಸಹಿ ಹಾಕ್ತಾರೆ. ಯೋಚನೆ ಮಾಡಿ" ಎಂದರು.

ಯೋಚನೆ ಮಾಡಿದೆ. ಸ್ಟ್ರೆಚರಿನ ಮೇಲೆ ರಕ್ತ ಕಾಣಬಾರದೆಂದು ಯಂತ್ರ ತೊಳೆದರು. ನನಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಡಿಸಿದರು. ಏಳು ಸಲ ಹತ್ತಿಸಿ ಇಳಿಸಿದರು. "ಸ್ವಲ್ಪ ನಗಿ ಮೇಡಂ, ಆಕಾಶ ನೋಡಿ" ಎಂದರು. ನಕ್ಕೆ. ಮಂತ್ರಿಗಳಿಗೆ ಊಟ ತಡವಾಗಿ, ಅವರು ಬಂದು ಪಕ್ಕ ನಿಲ್ಲುವ ಹೊತ್ತಿಗೆ ಮೂರು. ಯಾರೂ ನನ್ನ ಕೈ ಕಟ್ಟಿಹಾಕಿರಲಿಲ್ಲ. ಎಂಜಿನ್ ಶುರು ಮಾಡಿ ಹೊರಟುಬಿಟ್ಟಿದ್ದರೆ ಹಿಡಿದು ನಿಲ್ಲಿಸುವವರು ಯಾರು? ಮೂರು ನಲವತ್ತಕ್ಕೆ ಗುಡ್ಡದ ಮೇಲೆ ಇಳಿದೆ. ನಿಮ್ಮ ಮಗನ ಮೈ ಇನ್ನೂ ಬೆಚ್ಚಗಿತ್ತು.

ಇದು ಪೂರ್ತಿ ನಿಜ. ಇದಕ್ಕೆ ಸೇರಿಸುವುದು, ಕಳೆಯುವುದು ಇಲ್ಲ. ಈ ಕಾಗದವನ್ನು, ಹಳೆಯದನ್ನೂ, ಯಾರಿಗೆ ಬೇಕಾದರೂ ತೋರಿಸಿ.

ನನ್ನನ್ನು ಕ್ಷಮಿಸಲು ಸಾಧ್ಯವಾದರೆ ಒಂದು ಸಾಲು ಬರೆಯಿರಿ.

ಗುಬ್ಬಿ

---

2 ಏಪ್ರಿಲ್ 1970

ಡಾಕ್ಟರರಿಗೆ,

ಮೇಲೆ ವಿಳಾಸ ಹಾಕಿಲ್ಲ. ಹಳೆಯದಕ್ಕೆ ಬರೆದರೂ ಸಿಗುತ್ತದೆ, ಅಂಚೆಯವನಿಗೆ ನಾನು ಗೊತ್ತು. ಶಾಲೆಯ ಮನೆ ಶಾಲೆಯ ಕೆಲಸದ ಜೊತೆಗೇ ಹೋಯಿತು. ನಿವೃತ್ತಿಯಲ್ಲ, ವಜಾ. ಇಪ್ಪತ್ತೈದು ಆಗಸ್ಟ್, ಬೆಳಿಗ್ಗೆ ಹನ್ನೊಂದಕ್ಕೆ. "ಸಾಕ್ಷಿ ಇದೆಯಾ?" ಎಂದರು. ಇಲ್ಲ ಎಂದೆ. ನಿಮ್ಮ ಕಾಗದ ಅವತ್ತು ನನ್ನ ಕೈಚೀಲದಲ್ಲೇ ಇತ್ತು. ಕೊಟ್ಟ ಮಾತು ಮಾತು. ಒಂಬತ್ತು ತಿಂಗಳು ಎಂದಿರಿ. ಒಂಬತ್ತು ತಿಂಗಳು ಕಳೆದ ಮೇಲೂ "ತೋರಿಸಿ" ಎಂದು ಬರಲಿಲ್ಲ. ಅದಕ್ಕೆ ಇವತ್ತಿಗೂ ತೋರಿಸಿಲ್ಲ.

ಮಗಳ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಹದಿಮೂರನೆಯದು ಬಿಟ್ಟು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಾಗದ ಓದಿ ಆದ ಮೇಲೆ ನನಗೆ ನೆನಪಾದದ್ದು ಅವನು ಕೇಳುತ್ತಿದ್ದನಲ್ಲ, "ಬಂತಾ?" ಎಂದು, ಅದು. ಅವನು ಕೇಳುತ್ತಿದ್ದಾಗ ನೀವು ಆಕಾಶ ನೋಡಿ ನಗುತ್ತಿದ್ದಿರಿ.

ಕ್ಷಮೆಯ ಸಾಲು ನನ್ನ ಹತ್ತಿರ ಇಲ್ಲ. ನನ್ನ ಮುಂದೆ ಹೇಳಿ ಎದೆಭಾರ ಇಳಿಸಿಕೊಂಡರೆ ನನಗೇನು ಬಂತು? ಪಾಠ ಅಚ್ಚು ಹಾಕುವ ಕಚೇರಿಗೆ ಹೋಗಿ. ಅಲ್ಲಿ ಹೇಳಿ. ನಿಮ್ಮ ಸಹಿ ಹಾಕಿ ಕೊಡಿ. ನಾನು ಕೊಟ್ಟರೆ ಹನ್ನೊಂದು ವರ್ಷದ ಹಿಂದಿನ ಹುಚ್ಚಿ ಮತ್ತೆ ಬಂದಳು ಎನ್ನುತ್ತಾರೆ.

ಪುಟ್ಟನ ತಾಯಿ

---

ಬಾಡಿಗೆ ಮನೆ, ಮೂರನೇ ಮಹಡಿ
17 ಸೆಪ್ಟೆಂಬರ್ 1970

ಅಮ್ಮಾ,

ಹೋಗಿದ್ದೆ. ಒಂದು ಸಲ ಅಲ್ಲ, ಐದು ಸಲ. ಮೊದಲ ನಾಲ್ಕು ಸಲ ಸಾಹೇಬರು ಸೀಟಿನಲ್ಲಿರಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ ಕೋಟು ಮಾತ್ರ ಇತ್ತು. ಐದನೆಯ ಸಲ ಕೋಟಿನೊಳಗೆ ಅವರೂ ಇದ್ದರು.

ನಾಲ್ಕು ಪುಟ ಬರೆದು, ಪ್ರತಿ ಪುಟಕ್ಕೂ ಸಹಿ ಹಾಕಿ ಕೊಟ್ಟೆ. ಬೂಟು ಹಿಡಿದದ್ದು, ತೂಕ, ಫೋಟೋ, ಮಂತ್ರಿಗಳ ಊಟ, ನಿಮ್ಮ ವಜಾ, ಎಲ್ಲ. ಓದಿ ಮುಗಿಸಿ, "ಮೇಡಂ, ಮಕ್ಕಳಿಗೆ ಒಳ್ಳೇ ಪಾಠ ಇದು. ಹನ್ನೆರಡು ವರ್ಷದಿಂದ ಓದ್ತಾ ಇದಾರೆ. ನನ್ನ ಮಗನಿಗೂ ಬಾಯಿಪಾಠ" ಎಂದರು.

"ಸುಳ್ಳು ಸಾರ್ ಅದು. ಸುಳ್ಳು ಹೇಳಿದೋಳು ನಾನು, ನಿಮ್ಮ ಮುಂದೇನೇ ಕೂತಿದೀನಿ."

ಒಂದು ಹಾಳೆ ಎಳೆದುಕೊಂಡರು. "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುತ್ತೇವೆ" ಎಂದು ಬರೆದು, ಮೊಹರು ಹಾಕಿಸಿ ಕೊಟ್ಟರು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಮುಂದಿನ ವರ್ಷದ ಪುಸ್ತಕದಲ್ಲಿ ಹದಿಮೂರನೆಯ ಪಾಠ ಇರುವುದಿಲ್ಲ ಎಂದು ನಂಬಿದ್ದೇನೆ. ಕ್ಷಮೆಯ ಮಾತು ಮತ್ತೆ ಎತ್ತುವುದಿಲ್ಲ.

ಗುಬ್ಬಿ

---

8 ಜೂನ್ 1971

ಡಾಕ್ಟರಮ್ಮನವರಿಗೆ,

ಹೊಸ ಪುಸ್ತಕ ಬಂತು. ಇಲಾಖೆಯವರು ಮಾತು ಉಳಿಸಿಕೊಂಡಿದ್ದಾರೆ, ಸೂಕ್ತ ಕ್ರಮ ಕೈಗೊಂಡಿದ್ದಾರೆ.

ಹದಿಮೂರನೆಯ ಪಾಠ ಇದೆ. ನನ್ನ ಮಗ ಇದ್ದಾನೆ. "ನಾನು ಕಾಯುತ್ತೇನೆ" ಎಂದು ಇವತ್ತಿಗೂ ಹೇಳುತ್ತಿದ್ದಾನೆ. ಪ್ರಶ್ನೆಗಳೂ ಹಾಗೇ ಇವೆ. ಇಲ್ಲದವರು ನೀವು. ಓದಿ, ನಕಲು ಮಾಡಿದ್ದೇನೆ: "ಅಷ್ಟರಲ್ಲಿ ಧೀರನಾದ ಚಾಲಕನೊಬ್ಬನು ಹೆಲಿಕಾಪ್ಟರನ್ನು ಇಳಿಸಿದನು. ಅವನೊಡನೆ ನುರಿತ ವೈದ್ಯನೊಬ್ಬನಿದ್ದನು." ಚಿತ್ರವನ್ನೂ ಹೊಸದಾಗಿ ಬರೆಸಿದ್ದಾರೆ. ಇಬ್ಬರಿಗೂ ಮೀಸೆ.

ನೀವು ಹೋಗಿ ಸುಳ್ಳು ತೆಗೆಯಿರಿ ಎಂದಿರಿ. ಅವರು ನಿಮ್ಮನ್ನು ತೆಗೆದರು. ಪಾಠದಲ್ಲಿ ನಿಜ ಅಂತ ಇದ್ದದ್ದು ಅದೊಂದೇ, ಒಬ್ಬ ಹೆಂಗಸು ಯಂತ್ರ ಹಾರಿಸಿಕೊಂಡು ಅಲ್ಲಿಗೆ ಬಂದಳು ಎನ್ನುವುದು.

ನಿಮ್ಮ ಹಳೆಯ ಕಾಗದ ತೆಗೆದು ಮತ್ತೆ ಲೆಕ್ಕ ಹಾಕಿದೆ. ನಿಮ್ಮೊಬ್ಬರ ಜಾಗ ತುಂಬಲು ಅವರಿಗೆ ಇಬ್ಬರು ಗಂಡಸರು ಬೇಕಾದರು. ತಲೆಗೆ ಎಪ್ಪತ್ತು ಕಿಲೋ ಇಟ್ಟುಕೊಂಡರೂ ನೂರ ನಲವತ್ತು. ಅದರ ಮೇಲೆ ಇಬ್ಬರು ಗಾಯಾಳುಗಳು. ಆ ಯಂತ್ರ ಆ ಗುಡ್ಡದಿಂದ ಒಂದು ಮೊಳ ಮೇಲೇಳುವುದಿಲ್ಲ. ಇವರ ಪಾಠದಂತೆ ನಡೆದಿದ್ದರೆ ನನ್ನ ಮಗನ ಜೊತೆ ಉಳಿದಿಬ್ಬರೂ ಸಾಯಬೇಕಿತ್ತು.

ಪುಸ್ತಕ ಹಿಡಿದುಕೊಂಡು ಹಳೆಯ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಈಗ ಬೇರೆಯವರು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯೇ. ನಡೆದದ್ದೆಲ್ಲ ಹೇಳಿದೆ. "ಟೀಚರ್, ನಿಮಗೆ ಸಂತೋಷ ಆಗ್ಬೇಕಲ್ವಾ? ನಿಮ್ಮ ಮಗನ್ನ ಬಿಟ್ಟು ಹೋದೋಳು, ಅವಳ ಹೆಸರೇ ಇಲ್ಲದ ಹಾಗೆ ಮಾಡಿದ್ರಲ್ಲ" ಎಂದ. ಒಂದು ಕ್ಷಣ, ಸುಳ್ಳೇಕೆ, ಆಯಿತು. ಹೊಟ್ಟೆ ತಣ್ಣಗಾಯಿತು. ಮನೆಗೆ ಬರುವ ದಾರಿಯಲ್ಲಿ ಅದು ಉರಿಯತೊಡಗಿತು.

ಇಲಾಖೆಗೆ ನಾನೇ ಬರೆದಿದ್ದೇನೆ. ನಿಮ್ಮ ಎರಡು ಕಾಗದಗಳ ನಕಲು ಜೊತೆಗಿಟ್ಟಿದ್ದೇನೆ. ತೋರಿಸಿ ಎಂದು ಹೋದ ವರ್ಷ ಒಪ್ಪಿಗೆ ಕೊಟ್ಟಿದ್ದೀರಿ, ಅದನ್ನು ಉಪಯೋಗಿಸಿಕೊಂಡೆ. ನಾನು ಬರೆದದ್ದು ಇಷ್ಟು: "ನನ್ನ ಮಗ ಕಾದದ್ದು ಒಬ್ಬ ಹೆಂಗಸಿಗಾಗಿ. ಅವಳೇ ವೈದ್ಯೆ, ಅವಳೇ ಚಾಲಕಿ. ಇಬ್ಬರನ್ನು ಉಳಿಸಿದವಳು ಅವಳು, ನನ್ನ ಮಗನಿಗೆ ಮಾತು ಕೊಟ್ಟು ಬಾರದೇ ಹೋದವಳೂ ಅವಳು. ಅವಳನ್ನು ತಡೆದು ನಿಲ್ಲಿಸಿ ಚಿತ್ರ ತೆಗೆಸಿದವರು ನಿಮ್ಮ ಸರ್ಕಾರದವರು. ನಾಲ್ಕನ್ನೂ ಬರೆಯಿರಿ. ಬರೆಯಲು ಆಗದಿದ್ದರೆ ಆ ಪುಟ ಖಾಲಿ ಬಿಡಿ, ಮಕ್ಕಳು ಜೇನುಹುಳುವಿನ ಚಿತ್ರ ಬರೆದುಕೊಳ್ಳಲಿ."

ಉತ್ತರ ಬರುವುದಿಲ್ಲ. ಇನ್ನೂ ಬರೆಯುತ್ತೇನೆ.

ನಿಮ್ಮನ್ನು ನಾನು ಕ್ಷಮಿಸಿಲ್ಲ. ಹಾಗೆಂದು ನಿಮ್ಮ ಜಾಗದಲ್ಲಿ ಆ ಮೀಸೆಯವರು ಬಂದು ಕೂತರೆ ನಾನು ಯಾರ ಮೇಲೆ ಸಿಟ್ಟಾಗಲಿ?

ಆ ಆರು ಹುಡುಗಿಯರು ಈಗ ಯಾವ ಯಾವ ಆಸ್ಪತ್ರೆಯಲ್ಲಿದ್ದಾರೆ, ಬರೆಯಿರಿ. ಹಾರಿದ ದಿನ, ಇಳಿದ ಜಾಗ, ತಂದ ಗಾಯಾಳುಗಳು, ಎಲ್ಲವನ್ನೂ ಅವರವರ ಕೈಯಲ್ಲೇ ಬರೆಸಿ ಕಳಿಸಿ. ಬೇಗ. ಅವರು ಹುಟ್ಟೇ ಇರಲಿಲ್ಲ ಎಂದು ಯಾರಾದರೂ ಪಾಠ ಬರೆಯುವ ಮೊದಲು.

ಪುಟ್ಟನ ತಾಯಿ